ಏಳನೇ ನಂಬರಿನ ಬಾಟಲಿ

ಅವನು ಮೊದಲ ಸಲ ನಮ್ಮ ಲ್ಯಾಬಿಗೆ ಬಂದಾಗ ನಾನು ಅವನನ್ನು ಮದುವೆಯಾದ ಗಂಡಸು ಅಂದುಕೊಂಡೆ. ತಪ್ಪು ನನ್ನದಲ್ಲ. ಕೌಂಟರಿನ ಮೇಲೆ ಐಸ್ ಡಬ್ಬಿ ಇಟ್ಟು, ಟೋಪಿ ತೆಗೆದು, ಅವನು ಆಡಿದ ಮೊದಲ ಮಾತೇ ಹಾಗಿತ್ತು.

"ಮೇಡಂ, ನಮ್ಮ ಅತ್ತೆ ಎರಡು ದಿನದಿಂದ ಸರಿಯಾಗಿ ಏನೂ ತಿಂತಿಲ್ಲ. ಹತ್ರ ಹೋದ್ರೆ ಒದೀತಾಳೆ."

"ಆಸ್ಪತ್ರೆಗೆ ಕರ್ಕೊಂಡು ಹೋಗಿ. ಇದು ಲ್ಯಾಬು."

"ಗೊತ್ತು ಮೇಡಂ. ಅದಕ್ಕೇ ಕೇಳ್ತಿದೀನಿ, ಅವಳ ಹಾಲು ಇವತ್ತು ಲೆಕ್ಕಕ್ಕೆ ತಗೋತೀರೋ ಇಲ್ವೋ ಅಂತ."

ನಾನು ಪೆನ್ನು ಕೆಳಗಿಟ್ಟೆ. ಅವನು ನನ್ನ ಮುಖ ನೋಡಿದ, ಆಮೇಲೆ ಡಬ್ಬಿ ನೋಡಿದ, ಆಮೇಲೆ ಕಿವಿಯವರೆಗೂ ಕೆಂಪಾದ.

"ಅತ್ತೆ ಅಂದ್ರೆ ಏಳನೇ ನಂಬರು. ಕರಿ ಮೇಕೆ. ಬೆಳಿಗ್ಗೆ ಎದ್ದರೆ ಸಾಕು, ಎಲ್ಲರ ಮೇಲೂ ರೇಗ್ತಾಳೆ, ಅದಕ್ಕೆ ಆ ಹೆಸರು. ನನಗೆ ಹೆಂಡತೀನೇ ಇಲ್ಲ, ಅತ್ತೆ ಎಲ್ಲಿಂದ ಬರಬೇಕು?"

ಕೊನೆಯ ಮಾತಿನ ಅಗತ್ಯವಿರಲಿಲ್ಲ. ಆದರೂ ನನ್ನ ಕಿವಿಗೆ ಬಿತ್ತು. ಏಳನೇ ಬಾಟಲಿಯನ್ನು ತೆಗೆದುಕೊಂಡು, ಚೀಟಿ ಓದಿ, ರಿಜಿಸ್ಟರಿನಲ್ಲಿ ಬರೆದುಕೊಂಡೆ.

ನಾನು ಸುಲಭಕ್ಕೆ ಕರಗುವ ಹೆಂಗಸಲ್ಲ. ಮೂವತ್ತಾರು ವರ್ಷ, ಒಂಟಿ ಮನೆ, ಅದರ ಬಗ್ಗೆ ದೂರೇನಿಲ್ಲ. ಲ್ಯಾಬಿನಲ್ಲಿ ನನಗೆ ಫ್ರಿಜ್ ಅನ್ನುವ ಅಡ್ಡಹೆಸರಿದೆ. ಎದುರಿಗೆ ಯಾರೂ ಹೇಳುವುದಿಲ್ಲ, ನಮ್ಮ ಮುಖ್ಯಸ್ಥೆ ದೊಡ್ಡ ಮೇಡಂ ಒಬ್ಬರನ್ನು ಬಿಟ್ಟು. ಅವರು ಪ್ರೀತಿಯಿಂದಲೇ ಹೇಳುತ್ತಾರೆ, ಹಾಗಂತ ನಾನು ನಂಬಿದ್ದೇನೆ.

ಹಸುವಿನ ಹಾಲಿನ ಬಗ್ಗೆ ತಲೆ ಕೆಡಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಪಾಲಿಗೆ ಬಂದದ್ದು ಉಳಿದ ಪ್ರಾಣಿಗಳು: ಮೇಕೆ, ಕುರಿ, ಕತ್ತೆ, ಮತ್ತೆ ಬಹಳ ದೂರದ ಒಂದು ಒಂಟೆ ಹಿಂಡು. ಈ ಹಾಲುಗಳಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ಒಟ್ಟಿಗೆ ಬದುಕುತ್ತವೆ, ಯಾರು ಯಾರಿಗೆ ಹೊಂದುತ್ತಾರೆ, ಕಾಲ ಬದಲಾದರೆ ಯಾರು ಗಂಟುಮೂಟೆ ಕಟ್ಟುತ್ತಾರೆ ಅನ್ನುವುದೇ ನನ್ನ ಕೆಲಸ. ಹಾಲನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಕೊಬ್ಬು ಮೇಲೆ ಬರುತ್ತದೆ, ಬ್ಯಾಕ್ಟೀರಿಯಾ ತಳದಲ್ಲಿ ಕೂರುತ್ತವೆ. ಆ ತಳದ ಚೂರಿನಿಂದ ಡಿಎನ್‌ಎ ತೆಗೆದು ಓದಿಸಿದರೆ ಅಲ್ಲಿ ಇರುವವರ ಪಟ್ಟಿ ಸಿಗುತ್ತದೆ.

ನಿಯಮಗಳು ಕಟ್ಟುನಿಟ್ಟು. ಮಂಗಳವಾರ ಬೆಳಿಗ್ಗೆ ಆರಕ್ಕೆ ಹಾಲು ಕರೆಯಬೇಕು. ಕೈಗವಸು ಹಾಕಬೇಕು, ಕೆಚ್ಚಲು ಒರೆಸಬೇಕು, ಮೊದಲ ಮೂರು ಧಾರೆ ಚೆಲ್ಲಬೇಕು. ಬಾಟಲಿ ನೇರ ಐಸಿಗೆ, ಐಸಿನಿಂದ ನೇರ ನನ್ನ ಕೈಗೆ. ಒಂದು ಹಿಂಡಿನಲ್ಲಿ ಕನಿಷ್ಠ ಹತ್ತು ಪ್ರಾಣಿ ಇರಬೇಕು, ಒಂದು ಕಡಿಮೆಯಾದರೂ ಆ ಹಿಂಡು ಅಧ್ಯಯನದಿಂದ ಹೊರಗೆ. ಅವನ ಹತ್ತಿರ ಇದ್ದದ್ದು ಸರಿಯಾಗಿ ಹತ್ತು ಮೇಕೆ. ಇದನ್ನೆಲ್ಲ ನಾನೇ ಅವನಿಗೆ ಮೊದಲೇ ಫೋನಿನಲ್ಲಿ ಒಂದೊಂದಾಗಿ ಹೇಳಿಕೊಟ್ಟಿದ್ದೆ.

ಅವನು ಪ್ರತಿ ಮಂಗಳವಾರ ಎಂಟು ಹೊಡೆಯುವ ಮೊದಲೇ ಬರುತ್ತಿದ್ದ. ಉಳಿದ ಸಿಬ್ಬಂದಿ ಒಂಬತ್ತಕ್ಕೆ ಬರುವವರು. ನಾನು ಮಾತ್ರ ಬೇಗ ಬಂದು, ಕಿಟಕಿ ಹತ್ತಿರ ಕಾಫಿ ಕುಡಿಯುತ್ತ ಒಬ್ಬಳೇ ಇರುವುದನ್ನು ಇಷ್ಟಪಡುತ್ತಿದ್ದೆ. ಮೂರನೇ ವಾರದ ಹೊತ್ತಿಗೆ ಎರಡು ಕಪ್ ಕಾಫಿ ಮಾಡುತ್ತಿದ್ದೆ. ಯಾಕೆ ಅಂತ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

"ಚಿಕ್ಕ ಮೇಡಂ," ಅಂದ ಒಂದು ದಿನ. ದೊಡ್ಡ ಮೇಡಂ ಇರುವುದರಿಂದ ನನಗೆ ಅವನು ಕೊಟ್ಟ ಹೆಸರು ಅದು. "ನಿಜ ಹೇಳಿ. ಈ ಹಾಲಲ್ಲಿ ಅಂಥದ್ದೇನಿದೆ?"

"ಸಂಸಾರ ಇದೆ."

"ಯಾರದ್ದು?"

"ಒಂದೊಂದು ಮೇಕೇದು ಒಂದೊಂದು. ನಿಮ್ಮ ನಾಲ್ಕನೇ ನಂಬರಿನವಳ ಹಾಲು, ಅತ್ತೆ ಹಾಲು ಎರಡನ್ನೂ ಚೀಟಿ ಇಲ್ಲದೆ ಕೊಡಿ, ಯಾವುದು ಯಾರದ್ದು ಅಂತ ಹೇಳ್ತೀನಿ."

"ಅತ್ತೆ ಹಾಲಲ್ಲಿ ಜಗಳಗಂಟರೇ ಇರಬೇಕು."

"ಇಲ್ಲ. ಎಲ್ಲಕ್ಕಿಂತ ಶಾಂತವಾದ ಸಂಸಾರ ಅವಳದೇ."

ಅವನು ನಕ್ಕ. ನಗುವಾಗ ಅವನು ಕಾಫಿ ಕಪ್ಪಿನೊಳಗೆ ನೋಡುತ್ತಾನೆ, ನಂತರ ತಲೆ ಎತ್ತುತ್ತಾನೆ, ಆಗ ಕಣ್ಣಿನ ಮೂಲೆಯಲ್ಲಿ ಇನ್ನೂ ಸ್ವಲ್ಪ ನಗು ಉಳಿದಿರುತ್ತದೆ. ಬಾಟಲಿಗಳಿಗೆ ಕೈ ಹಾಕಲು ನಾನು ಆಗಲೇ ಮಾಸ್ಕ್ ಹಾಕಿಕೊಂಡಿದ್ದೆ. ಮಾಸ್ಕಿನ ಹಿಂದೆ ಏನು ನಡೆಯುತ್ತಿದೆ ಅಂತ ಯಾರಿಗೂ ಕಾಣಿಸುವುದಿಲ್ಲ, ನಮ್ಮ ವೃತ್ತಿಯ ಅನುಕೂಲಗಳಲ್ಲಿ ಅದೂ ಒಂದು.

"ಕಣ್ಣು ಚಿಕ್ಕದಾಯ್ತು," ಅಂದ ಅವನು. "ಒಳಗೆ ನಗ್ತಿದೀರ."

ಅನುಕೂಲದ ಮಾತನ್ನು ನಾನು ವಾಪಸು ತೆಗೆದುಕೊಳ್ಳುತ್ತೇನೆ.

ಒಂಬತ್ತನೇ ವಾರ ಅವನು ಎಂಟಕ್ಕೆ ಬರಲಿಲ್ಲ. ಒಂಬತ್ತಕ್ಕೆ ಹತ್ತು ನಿಮಿಷವಿದ್ದಾಗ ಬಂದ, ಏದುಸಿರು ಬಿಡುತ್ತ. ನಾನು ಅವನ ಕಪ್ಪಿನ ಮೇಲೆ ತಟ್ಟೆ ಮುಚ್ಚಿ ಇಟ್ಟಿದ್ದೆ. ಅವನು ಆ ತಟ್ಟೆಯನ್ನು ಬಹಳ ಹೊತ್ತು ನೋಡಿದ. ಅಲ್ಲಿಂದ ಮುಂದೆ ಅದೇ ಅವನ ಹೊತ್ತಾಯಿತು. ನಾನೂ ಅದಕ್ಕೆ ಒಗ್ಗಿಕೊಂಡೆ.

ಹದಿನೆಂಟನೇ ವಾರದ ಪಟ್ಟಿಗಳು ಬಂದಾಗ ನಾನು ಮೊದಲು ನನ್ನನ್ನೇ ಬೈದುಕೊಂಡೆ. ನಾಲ್ಕು ವಾರದ ಸ್ಯಾಂಪಲ್ಲುಗಳನ್ನು ಒಟ್ಟಿಗೆ ಓದಿಸಿದ್ದೆ. ನಾಲ್ಕೂ ವಾರದಲ್ಲಿ ಅವನ ಹಿಂಡಿನ ನಾಲ್ಕನೇ ನಂಬರು, ಏಳನೇ ನಂಬರು ಒಂದೇ. ಹತ್ತಿರ ಹತ್ತಿರ ಅಲ್ಲ, ಒಂದೇ. ತೀರಾ ಅಪರೂಪಕ್ಕೆ ಸಿಗುವ ಬ್ಯಾಕ್ಟೀರಿಯಾ ಕೂಡ ಎರಡರಲ್ಲೂ ಅಷ್ಟಷ್ಟೇ ಇದ್ದವು. ಅದಕ್ಕೂ ಹಿಂದಿನ ವಾರಗಳಲ್ಲಿ ಇವೆರಡೂ ಬೇರೆ ಬೇರೆ.

ಟ್ಯೂಬ್ ಅದಲುಬದಲಾಗಿರಬೇಕು ಅಂದುಕೊಂಡೆ. ಬಾಟಲಿಗಳಲ್ಲಿ ಉಳಿದಿದ್ದ ಹಾಲಿನಿಂದ ಮತ್ತೆ ಮಾಡಿದೆ, ಅದೇ ಬಂತು. ಮೂರನೇ ಸಲ ಮಾಡುವಾಗ ನನ್ನ ಕೈ ತಪ್ಪಲಿ ಅಂತ ನಾನೇ ಹಾರೈಸುತ್ತಿದ್ದೆ, ಅದು ಮಾತ್ರ ಹೊಸ ಅನುಭವ. ಕೈ ತಪ್ಪಲಿಲ್ಲ.

ದೊಡ್ಡ ಮೇಡಂ ಎರಡೂ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರು.

"ಒಂದೇ ಮೇಕೆ ಹಾಲು, ಎರಡು ಬಾಟಲಿ," ಅಂದರು. "ಏಳನೇದು ಇಲ್ಲ ಅಂತ ಕಾಣುತ್ತೆ."

"ಹಿಂಡನ್ನ ತೆಗೀಬೇಕಾ?"

"ನಿಯಮದ ಪ್ರಕಾರ ಹೌದು. ಆದರೆ ನಿನ್ನ ಚಳಿಗಾಲದ ಲೇಖನ ಪೂರ್ತಿ ಆ ಹಿಂಡಿನ ಮೇಲೆ ನಿಂತಿದೆಯಲ್ಲ."

ಹೌದು, ನಿಂತಿತ್ತು. ಅವನ ಹಿಂಡಿನ ಮೊದಲ ಎಂಟು ವಾರದ ಹಾಲಿನಲ್ಲಿ ತಣ್ಣಗಿರುವ ಕಡೆ ಚೆನ್ನಾಗಿ ಬೆಳೆಯುವ ಬ್ಯಾಕ್ಟೀರಿಯಾ ರಾಶಿ ರಾಶಿ ಸಿಕ್ಕಿದ್ದವು. ಚಳಿ ಮುಗಿಯುತ್ತಿದ್ದಂತೆ ಮಾಯ. ಬಯಲಿನ ಹಿಂಡುಗಳಲ್ಲಿ ಹಾಗಿರಲಿಲ್ಲ, ಗುಡ್ಡದ ಮೇಲಿದ್ದ ಅವನ ಹಿಂಡಿನಲ್ಲಿ ಮಾತ್ರ. ಗುಡ್ಡದ ಚಳಿ ಮೇಕೆ ಹಾಲಿನ ಸಂಸಾರವನ್ನೇ ಬದಲಾಯಿಸುತ್ತದೆ ಅಂತ ನಾನು ಇಪ್ಪತ್ತೆರಡು ಪುಟ ಬರೆದಿದ್ದೆ. ಹತ್ತು ವರ್ಷದ ಕೆಲಸದಲ್ಲಿ ಇದು ನಾನೇ ಕಂಡುಹಿಡಿದೆ ಅಂತ ಹೇಳಿಕೊಳ್ಳಲು ನನಗಿದ್ದದ್ದು ಅದೊಂದೇ.

"ಹೋಗಿ ನೋಡಿ ಬಾ," ಅಂದರು ದೊಡ್ಡ ಮೇಡಂ. "ಹಿಂದಿನದೆಲ್ಲ ನಿಯಮದ ಪ್ರಕಾರವೇ ಆಗಿದೆ ಅಂತ ಅವನು ಬರೆದು ಸಹಿ ಹಾಕಿದರೆ, ಕೆಟ್ಟ ನಾಲ್ಕು ವಾರ ಬಿಟ್ಟು ಒಂಬತ್ತು ಮೇಕೆ ಇಟ್ಟುಕೊಂಡೇ ಮುಂದುವರಿಸೋಣ. ನಾನು ಸಮಿತಿಗೆ ಹೇಳ್ತೀನಿ."

ನನ್ನ ಎದೆ ಹಗುರಾಯಿತು. ಲೇಖನ ಉಳಿಯಿತು ಅನ್ನುವುದಕ್ಕೋ, ಮಂಗಳವಾರ ಉಳಿಯಿತು ಅನ್ನುವುದಕ್ಕೋ, ಬಸ್ಸಿನಲ್ಲಿ ಒಂದೂವರೆ ಗಂಟೆ ಕೂತು ಯೋಚಿಸಿದರೂ ತಿಳಿಯಲಿಲ್ಲ.

ಗುಡ್ಡದ ಬುಡದಲ್ಲಿ ತಗಡಿನ ಮಾಡಿನ ಮನೆ, ಪಕ್ಕದಲ್ಲಿ ಉದ್ದನೆಯ ಕೊಟ್ಟಿಗೆ. ಅಂಗಳದಲ್ಲಿ ಅವನ ಅಕ್ಕ ಚೀಸಿನ ಬಟ್ಟೆಗಳನ್ನು ಹಿಂಡಿ ಒಣಗಿಸುತ್ತಿದ್ದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮಂಗಳವಾರದ ಮೇಡಂ ಅಂದ್ರೆ ನೀವೇನಾ? ಬನ್ನಿ ಬನ್ನಿ. ಸೋಮವಾರ ಆದ್ರೆ ಸಾಕು, ನಮ್ಮೋನು ಶರ್ಟಿಗೆ ಇಸ್ತ್ರಿ ಹಾಕ್ತಾ ಕೂರ್ತಾನೆ. ಹಾಲಿನ ಬಾಟಲಿ ಕೊಟ್ಟು ಬರೋಕೆ ಇಸ್ತ್ರಿ ಯಾಕೋ ಅಂತ ಕೇಳಿದ್ರೆ, ಲ್ಯಾಬಿನ ರೂಲ್ಸು ಅಂತಾನೆ. ಹೌದಾ?"

"ಹಾಗೇನೂ ರೂಲ್ಸಿಲ್ಲ."

"ಅಂದುಕೊಂಡೆ," ಅಂದಳು ಅಕ್ಕ, ಬಹಳ ಸಂತೋಷದಿಂದ, ಮತ್ತೆ ಬಟ್ಟೆಗಳ ಕಡೆ ತಿರುಗಿದಳು.

ಅವನು ಕೊಟ್ಟಿಗೆಯಲ್ಲಿದ್ದ. ನನ್ನನ್ನು ನೋಡಿದ ತಕ್ಷಣ ಅವನ ಮುಖ ಅರಳಿತು, ಆಮೇಲೆ ನಾನು ಬಂದದ್ದು ಗುರುವಾರ ಅನ್ನುವುದು ಹೊಳೆದು ಬಾಡಿತು. ನಾನು ಮೇಕೆಗಳನ್ನು ಎಣಿಸಿದೆ. ಎರಡು ಸಲ ಎಣಿಸಿದೆ. ಒಂಬತ್ತು.

"ಅತ್ತೆ ಎಲ್ಲಿ?"

"ಹೋದಳು," ಅಂದ. "ನಾಲ್ಕು ವಾರ ಆಯ್ತು. ಹೊಟ್ಟೆ ಉಬ್ಬರ. ಡಾಕ್ಟರು ಬರೋ ಹೊತ್ತಿಗೆ ಮುಗಿದಿತ್ತು."

"ಏಳನೇ ಬಾಟಲಿ?"

"ನಾಲ್ಕನೇದವಳದ್ದೇ. ಎರಡು ಬಾಟಲಿಗೆ ಹಂಚಿದೆ."

"ಚೀಟಿ ಇಲ್ಲದೆ ಕೊಟ್ಟರೂ ಹೇಳ್ತೀನಿ ಅಂದಿದ್ದೆನಲ್ಲ ನಾನು."

"ತಮಾಷೆಗೆ ಹೇಳಿದ್ರಿ ಅಂದುಕೊಂಡೆ."

"ನಾನು ಕೆಲಸದ ವಿಷಯದಲ್ಲಿ ತಮಾಷೆ ಮಾಡಲ್ಲ." ನನ್ನ ದನಿ ಏರಿತ್ತು, ಒಂದು ಮರಿ ಬೆಚ್ಚಿ ತಾಯಿಯ ಹಿಂದೆ ಸರಿಯಿತು. "ನಾಲ್ಕು ವಾರ ನನ್ನ ಕಾಫಿ ಕುಡಿದುಕೊಂಡು, ನನ್ನ ಮುಖ ನೋಡಿಕೊಂಡು, ಸತ್ತ ಮೇಕೆ ಹೆಸರಲ್ಲಿ ಹಾಲು ಕೊಟ್ಟಿದ್ದೀರ. ನಾನು ನಿಮ್ಮನ್ನ ನಂಬಿದ್ದೆ. ನಾನು ಯಾರನ್ನೂ ಅಷ್ಟು ಬೇಗ ನಂಬೋಳಲ್ಲ, ಗೊತ್ತಾ?"

"ಗೊತ್ತು."

"ಮತ್ತೆ ಯಾಕೆ?"

ಅವನು ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟ. "ಹತ್ತಕ್ಕಿಂತ ಒಂದು ಕಮ್ಮಿ ಆದ್ರೂ ಹಿಂಡು ಹೊರಗೆ ಅಂತ ನೀವೇ ಹೇಳಿದ್ರಿ. ಹಿಂಡು ಹೋದ್ರೆ ಮಂಗಳವಾರ ಹೋಯ್ತು. ನೀವು ನನಗೆ ಇಷ್ಟ, ಚಿಕ್ಕ ಮೇಡಂ. ಅದನ್ನ ಬಾಯಿ ಬಿಟ್ಟು ಹೇಳೋ ಧೈರ್ಯ ಇರಲಿಲ್ಲ, ಬಾಟಲಿ ತುಂಬಿಸಿಕೊಂಡು ಬರೋ ಧೈರ್ಯ ಇತ್ತು. ತಪ್ಪಾಯ್ತು."

ನಾನು ಕೊಟ್ಟಿಗೆಯ ಅಡ್ಡಗೋಲು ಹಿಡಿದು ನಿಂತೆ. ಸಿಟ್ಟು ಇದ್ದ ಹಾಗೇ ಇತ್ತು. ಅದರ ಪಕ್ಕದಲ್ಲೇ ಸಂತೋಷವೂ ಬಂದು ನಿಂತಿತ್ತು, ನಾಚಿಕೆಯಿಲ್ಲದೆ. ಯಾವುದೂ ಇನ್ನೊಂದಕ್ಕೆ ಜಾಗ ಬಿಟ್ಟುಕೊಡಲಿಲ್ಲ. ನಾನು ಚೀಲದಿಂದ ಫಾರಂ ತೆಗೆದೆ.

"ಒಂದು ದಾರಿ ಇದೆ," ಅಂದೆ. "ಈ ನಾಲ್ಕು ವಾರ ಬಿಡ್ತೀವಿ. ಅದಕ್ಕೆ ಮೊದಲು ಕೊಟ್ಟ ಸ್ಯಾಂಪಲ್ಲೆಲ್ಲ ನಿಯಮದ ಪ್ರಕಾರವೇ ತೆಗೆದದ್ದು ಅಂತ ಸಹಿ ಹಾಕಿ. ಒಂಬತ್ತು ಮೇಕೆ ಇಟ್ಟುಕೊಂಡೇ ಮುಂದುವರಿಸಬಹುದು."

"ಮಂಗಳವಾರ?"

"ಮಂಗಳವಾರವೂ."

ಅವನು ಪೆನ್ನು ತೆಗೆದುಕೊಂಡ. ಫಾರಂ ಓದಿದ. ನಾಲ್ಕು ಸಾಲು ಓದಲು ಯಾರಿಗೂ ಅಷ್ಟು ಹೊತ್ತು ಬೇಡ. ನಂತರ ಪೆನ್ನಿಗೆ ಮುಚ್ಚಳ ಹಾಕಿದ.

"ಇದಕ್ಕೆ ಸಹಿ ಹಾಕಕ್ಕಾಗಲ್ಲ."

"ಯಾಕೆ?"

"ಮೊದಲ ಎಂಟು ವಾರ ನಾನು ಬೆಳಿಗ್ಗೆ ಕರೆದಿಲ್ಲ. ಸೋಮವಾರ ಸಂಜೆ ಕರೆದು, ಬಾಟಲಿಗಳನ್ನ ಅಕ್ಕನ ಫ್ರಿಜ್ಜಲ್ಲಿಟ್ಟು, ಬೆಳಿಗ್ಗೆ ಮೊದಲ ಬಸ್ಸಿಗೆ ತಂದಿದ್ದೆ. ಚೀಟಿ ಮೇಲೆ ಬೆಳಿಗ್ಗೆ ಆರು ಅಂತ ಬರೆದೆ. ಆರಕ್ಕೆ ಕರೆಯೋಕೆ ಶುರು ಮಾಡಿದ್ರೆ ಹತ್ತು ಮೇಕೆ ಮುಗಿಸಿ ನಿಮ್ಮ ಹತ್ರ ಬರೋ ಹೊತ್ತಿಗೆ ಒಂಬತ್ತಾಗುತ್ತೆ. ಮೊದಲ ವಾರ ತಡ ಆದೀತು ಅಂತ ಹಾಗೆ ಮಾಡಿದ್ದು, ಎಂಟಕ್ಕೆ ಬಂದ್ರೆ ನೀವೊಬ್ರೇ ಇರ್ತೀರ ಅಂತ ಗೊತ್ತಾದ ಮೇಲೆ ಅದನ್ನೇ ಮುಂದುವರಿಸಿದೆ."

ಗುಡ್ಡದಿಂದ ಲ್ಯಾಬಿಗೆ ಒಂದೂವರೆ ಗಂಟೆ. ಅಂಥ ಸಣ್ಣ ಲೆಕ್ಕವನ್ನು ಎಂಟು ವಾರದಲ್ಲಿ ಒಂದು ಸಲವೂ ನಾನು ಮಾಡಿರಲಿಲ್ಲ. ಮಾಡುವ ಮನಸ್ಸಿರಲಿಲ್ಲ ಅಂತ ಕಾಣುತ್ತದೆ.

"ಒಂಬತ್ತನೇ ವಾರ?" ಅಂದೆ.

"ಅಕ್ಕ ಚೀಸಿಗೆ ಜಾಗ ಬೇಕು ಅಂತ ಬಾಟಲಿಗಳನ್ನೆಲ್ಲ ತೆಗೆದು ಹೊರಗಿಟ್ಟಿದ್ಲು. ಬೇರೆ ದಾರಿ ಇಲ್ಲದೆ ಬೆಳಿಗ್ಗೆ ಮತ್ತೆ ಕರೆದು, ಓಡಿಕೊಂಡು ಬಂದೆ. ಕಾಫಿ ಆರದ ಹಾಗೆ ತಟ್ಟೆ ಮುಚ್ಚಿ ಕಾಯ್ತಿದ್ರಿ ನೀವು. ಅಲ್ಲಿಂದ ಮುಂದೆ ಬೇಗ ಬರೋ ಸುಳ್ಳು ಬೇಕಾಗಲಿಲ್ಲ."

ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದ ಹಾಲು. ಚಳಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅಲ್ಲದೆ ಇನ್ನೇನು ಸಿಗುತ್ತದೆ ಅದರಲ್ಲಿ? ಗುಡ್ಡದ ಚಳಿ, ಋತುವಿನ ಬದಲಾವಣೆ, ಇಪ್ಪತ್ತೆರಡು ಪುಟ. ನಾನು ಕಂಡುಹಿಡಿದದ್ದು ಅವನ ಅಕ್ಕನ ಫ್ರಿಜ್ಜು.

ಅವನಿಗೆ ಲೇಖನದ ವಿಷಯ ಗೊತ್ತಿರಲಿಲ್ಲ. ನಾನೇ ಹೇಳಿದೆ. ಹೇಳುತ್ತ ಹೋದಂತೆ ಅವನು ಬಣ್ಣಗೆಟ್ಟ.

"ನಾನು ಈಗ ಹೇಳದೇ ಇದ್ದಿದ್ರೆ?" ಅಂತ ಕೇಳಿದ.

"ಅಚ್ಚಾಗ್ತಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ. ನನಗೂ ಕೂಡ."

ಕೊಟ್ಟಿಗೆಯಲ್ಲಿ ಇದ್ದದ್ದು ನಾವಿಬ್ಬರು, ಒಂಬತ್ತು ಮೇಕೆ. ಅವನು ಹೇಳಿದ್ದನ್ನು ನಾನು ಕೇಳಿಸಿಕೊಳ್ಳಲೇ ಇಲ್ಲ ಅಂದುಕೊಂಡರೆ ಲೇಖನ ಉಳಿಯುತ್ತಿತ್ತು, ಹಿಂಡು ಉಳಿಯುತ್ತಿತ್ತು, ಮಂಗಳವಾರ ಉಳಿಯುತ್ತಿತ್ತು. ಆ ಯೋಚನೆ ನನಗೆ ಬರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಬಂತು, ಸ್ವಲ್ಪ ಹೊತ್ತು ಇತ್ತು ಕೂಡ.

ಅವನೇ ಫಾರಂ ತಿರುಗಿಸಿ, ಹಿಂದಿನ ಖಾಲಿ ಪುಟ ನನ್ನ ಕಡೆ ಮಾಡಿ, ಪೆನ್ನು ಚಾಚಿದ.

"ಬರೀರಿ. ಎಂಟು ವಾರ, ಸೋಮವಾರ ಸಂಜೆ. ನಾನು ಸಹಿ ಹಾಕ್ತೀನಿ."

ನಾನು ಬರೆದೆ. ಅಕ್ಷರ ಎಂದಿಗಿಂತ ದುಂಡಗೆ ಬಂತು. ಅವನು ಸಹಿ ಹಾಕಿದ. ನಾನು ಬಸ್ಸಿನವರೆಗೆ ಒಬ್ಬಳೇ ನಡೆದೆ, ಜೊತೆಗೆ ಬರಲಾ ಅಂತ ಅವನು ಕೇಳಿದಾಗ ಬೇಡ ಅಂದಿದ್ದೆ.

ದೊಡ್ಡ ಮೇಡಂ ಆ ಹಾಳೆಯನ್ನು ಓದಿ ಕನ್ನಡಕ ತೆಗೆದರು.

"ಲೇಖನ ಹೋಯ್ತು."

"ಹೋಯ್ತು."

"ಹಿಂಡೂ ಹೋಯ್ತು."

"ಹೂಂ."

"ಇದನ್ನ ಅವನಾಗಿ ಹೇಳಿದ್ನಾ, ನೀನು ಬಾಯಿ ಬಿಡಿಸಿದ್ಯಾ?"

"ಅವನಾಗೇ ಹೇಳಿದ. ನಾನು ಸಹಿ ಕೇಳಿದ್ದೆ, ಅಷ್ಟೆ."

ಅವರು ಕನ್ನಡಕ ಒರೆಸಿದರು. "ನಮ್ಮ ಯಜಮಾನರು," ಅಂದರು, "ಮೂವತ್ತು ವರ್ಷದಲ್ಲಿ ಫ್ರಿಜ್ಜಿನೊಳಗೆ ತಾವೇನು ಇಟ್ಟು ಮರೆತಿದ್ದೀವಿ ಅಂತ ಒಂದು ಸಲವೂ ಒಪ್ಪಿಕೊಂಡಿಲ್ಲ." ಆಮೇಲೆ ಹಾಳೆಯ ಕೆಳಗೆ ಸಹಿ ಹಾಕಿ, ಕಡತಕ್ಕೆ ಸೇರಿಸಿದರು.

ನಾನು ಕೋಲ್ಡ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಐದು ನಿಮಿಷ. ಇಪ್ಪತ್ತೆರಡು ಪುಟಕ್ಕೆ ಅಷ್ಟಾದರೂ ಸಲ್ಲಬೇಕು. ಆಮೇಲೆ ಅಲ್ಲೇ ನಿಂತು, ಮೈ ಜುಮ್ಮೆನ್ನುವ ಚಳಿಯಲ್ಲಿ, ಒಂದು ವಿಷಯವನ್ನು ಮೊದಲಿಂದ ಕೊನೆಯವರೆಗೆ ಯೋಚಿಸಿದೆ. ಏಳನೇ ಬಾಟಲಿಯ ಸುಳ್ಳನ್ನು ನನ್ನ ಯಂತ್ರ ಹಿಡಿದಿತ್ತು. ಫ್ರಿಜ್ಜಿನ ಸುಳ್ಳನ್ನು ಯಂತ್ರವೂ ಹಿಡಿಯಲಿಲ್ಲ, ನಾನೂ ಹಿಡಿಯಲಿಲ್ಲ. ಅದನ್ನು ಮುಚ್ಚಿಟ್ಟಿದ್ದರೆ ಅವನಿಗೆ ಬೇಕಾದದ್ದೆಲ್ಲ ಅವನ ಕೈಯಲ್ಲಿರುತ್ತಿತ್ತು. ಅವನು ಮುಚ್ಚಿಡಲಿಲ್ಲ.

ಮುಂದಿನ ಮಂಗಳವಾರ ಎಂಟು ಗಂಟೆಗೆ ಕಿಟಕಿಯಿಂದ ನೋಡಿದರೆ ಅವನು ಗೇಟಿನ ಹೊರಗೆ ನಿಂತಿದ್ದ. ಕೈಯಲ್ಲಿ ಡಬ್ಬಿಯಿಲ್ಲ, ಬರಿಗೈ. ಒಳಗೆ ಬರಲು ಅವನಿಗೆ ಈಗ ಕಾರಣವಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ನಾನು ಕೋಟು ಕಳಚಿ, ಮಾಸ್ಕ್ ತೆಗೆದು, ಕೆಳಗಿಳಿದು ಹೋದೆ.

"ಒಳಗೆ ಬಿಡಿ ಅಂತ ಕೇಳೋಕೆ ಬಂದಿಲ್ಲ," ಅಂದ. "ನಿಮ್ಮ ಕೆಲಸ ಹಾಳು ಮಾಡಿದೆ. ಕ್ಷಮಿಸಿ ಅಂತ ಎದುರಿಗೆ ನಿಂತು ಹೇಳಬೇಕಿತ್ತು."

"ಹಾಳು ಮಾಡಿದ್ರಿ. ನನಗಿನ್ನೂ ಸಿಟ್ಟಿದೆ."

"ಇರಬೇಕು."

"ಬೆಳಿಗ್ಗೆ ಎದ್ದ ತಕ್ಷಣ ನೆನಪಾಗುತ್ತೆ, ಮೈಯೆಲ್ಲ ಉರಿಯುತ್ತೆ. ಅರ್ಧ ಗಂಟೆ ಕಳೆದ ಮೇಲೆ ನೀವು ನೆನಪಾಗ್ತೀರ. ನಿಮ್ಮನ್ನ ನೋಡಬೇಕು ಅನ್ಸುತ್ತೆ." ಇದನ್ನು ಹೇಳುವಾಗ ನನ್ನ ದನಿ ರಿಪೋರ್ಟ್ ಓದುವವರ ದನಿಯ ಹಾಗೇ ಇತ್ತು. ನನಗೆ ಬೇರೆ ದನಿ ಬರುವುದಿಲ್ಲ. "ನನಗೂ ನೀವು ಇಷ್ಟ. ಮೂರನೇ ವಾರದಿಂದ."

ಅವನು ತಲೆ ಎತ್ತಿದ. ಕಣ್ಣು ತುಂಬಿತ್ತು. ಈ ಸಲ ಅದನ್ನು ಅಡಗಿಸಲು ಅವನ ಹತ್ತಿರ ಕಾಫಿ ಕಪ್ಪಿರಲಿಲ್ಲ.

"ನಿಮ್ಮ ಸಿಟ್ಟು ಇಳಿಯೋವರೆಗೂ ಕಾಯ್ತೀನಿ," ಅಂದ. "ಎಷ್ಟು ದಿನ ಆದ್ರೂ."

"ಕಾಯೋದು ಬೇಡ. ಜೊತೆಗಿರಿ. ಅದು ಇಳಿಯೋವಾಗ ಇಳಿಯುತ್ತೆ."

ನಾವು ರಸ್ತೆಯ ಅಂಚಿಗೆ ಬಂದು ನಿಂತೆವು. ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅವನು ಕೈ ಚಾಚಿದ, ನನ್ನನ್ನು ನೋಡಿದ, ಕೈ ಹಿಂದಕ್ಕೆ ತೆಗೆದುಕೊಂಡ. ನಾನೇ ಹಿಡಿದೆ.